ಮೊದಲು ಆವಕ ವಹಿ, ಆಮೇಲೆ ವಂಶವೃಕ್ಷ

(ಮನೆತನದ ಚರಿತ್ರೆ ಬರೆಯಲು ಹೊರಟವರಿಗಾಗಿ ಧಾರವಾಡದಲ್ಲಿ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮನೆತನದ ಚರಿತ್ರೆಗೆ ಕೈಹಾಕಿದವರು ಬಹುತೇಕ ಮೊದಲು ವಂಶವೃಕ್ಷ ಬರೆಯಲು ಕೂಡುತ್ತಾರೆ. ದೊಡ್ಡದೊಂದು ಹಾಳೆ ಬರುತ್ತದೆ. ಅಜ್ಜ, ಮುತ್ತಜ್ಜ, ಅವರ ಅಣ್ಣತಮ್ಮಂದಿರು ಅಂತ ಹೆಸರುಗಳು ಏರುತ್ತ ಹೋಗುತ್ತವೆ. ಎರಡು ವರ್ಷ ಬಿಟ್ಟು ಬೀಗರೊಬ್ಬರು ಬಂದು, 'ನಾಲ್ಕನೇ ತಲಿಮಾರಿನ್ಯಾಗ ಈ ಈರಪ್ಪ ನಿಮಗ ಎಲ್ಲಿ ಸಿಕ್ಕಾ?' ಎಂದು ಕೇಳಿದರೆ ಉತ್ತರ ಇರುವುದಿಲ್ಲ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಕಂಡದ್ದೋ, ಸೋದರತ್ತೆ ಹೇಳಿದ್ದೋ, ಮನೆಮನೆಗೆ ಬಂದು ವಂಶಾವಳಿ ಹೇಳುವ ಹೆಳವರು ಓದಿದ್ದೋ ನೆನಪಿಲ್ಲ. ಆ ಹೆಸರನ್ನು ನಂಬುವಂತೆಯೂ ಇಲ್ಲ, ಹೊಡೆದುಹಾಕುವಂತೆಯೂ ಇಲ್ಲ. ಮತ್ತೆ ಅದೇ ಕಚೇರಿ, ಅದೇ ಅರ್ಜಿ, ಅದೇ ನಕಲು ಶುಲ್ಕ. ಅಷ್ಟರಲ್ಲಿ ಸೋದರತ್ತೆ ತೀರಿಕೊಂಡಿರುತ್ತಾರೆ.

ಕೆಲಸದ ಕ್ರಮವನ್ನೇ ತಿರುವಿ ಹಾಕಿದರೆ ಈ ಪೇಚು ಬರುವುದಿಲ್ಲ. ಮೊದಲು ಆವಕ ವಹಿ, ಅಂದರೆ ಕೈಸೇರಿದ ಪ್ರತಿ ಕಾಗದವನ್ನೂ ನಂಬರು ಹಾಕಿ ಬರೆದಿಡುವ ಪುಸ್ತಕ; ಕೊನೆಗೆ ವೃಕ್ಷ. ಕಚೇರಿಗಳಲ್ಲಿ ಆವಕ ನಂಬರು ಬೀಳದೆ ಯಾವ ಕಾಗದವೂ ಮೇಜು ದಾಟುವುದಿಲ್ಲ. ಮನೆಯ ಕಾಗದಕ್ಕೂ ಅದೇ ಶಿಸ್ತು ಬೇಕು. ವಹಿ ಸರಿಯಿದ್ದರೆ ವೃಕ್ಷವನ್ನು ಯಾವಾಗ ಬೇಕಾದರೂ, ಎಷ್ಟು ಸಲ ಬೇಕಾದರೂ ಬರೆಯಬಹುದು. ವಹಿ ಇಲ್ಲದ ವೃಕ್ಷವನ್ನು ಬರೆದವರೇ ಮತ್ತೊಮ್ಮೆ ಬರೆಯಲಾರರು.

ಹೊಲಿಗೆ ಹಾಕಿದ, ಗಟ್ಟಿ ರಟ್ಟಿನ 200 ಪುಟದ ರಜಿಸ್ಟರ್ ತಗೊಳ್ಳಿ. ಸ್ಪೈರಲ್ ಪುಸ್ತಕ ಬೇಡ, ಹಾಳೆ ಕಿತ್ತು ಬರುತ್ತದೆ, ಕಿತ್ತದ್ದು ಗೊತ್ತೂ ಆಗುವುದಿಲ್ಲ. ಬರೆಯುವ ಮೊದಲೇ ಎಲ್ಲ ಪುಟಗಳಿಗೂ ನಂಬರು ಹಾಕಿ. ಎಡಪುಟ, ಬಲಪುಟ ಸೇರಿಸಿ ಎಂಟು ಕಾಲಂ ಎಳೆಯಿರಿ: ಆವಕ ನಂಬರು; ಕೈಸೇರಿದ ದಿನ; ಅದು ಏನು; ಅದರೊಳಗಿನ ತಾರೀಖು; ಮೂಲ ಎಲ್ಲಿದೆ, ಯಾರ ವಶದಲ್ಲಿದೆ; ನಿಮ್ಮ ಕೈಗೆ ಬಂದದ್ದು ಮೂಲವೋ, ದೃಢೀಕೃತ ನಕಲೋ, ಝೆರಾಕ್ಸೋ, ಫೋಟೋವೋ, ಬಾಯಿಮಾತೋ; ಮತ್ತೆ ಹುಡುಕಲು ಬೇಕಾದ ಗುರುತು; ಕಂಪ್ಯೂಟರಿನಲ್ಲಿರುವ ಫೈಲಿನ ಹೆಸರು. ನಂಬರು 0001ರಿಂದ ಶುರುವಾಗಿ ಒಂದೇ ಸಾಲಿನಲ್ಲಿ ಹೋಗಲಿ. ಅಪ್ಪನ ಕಡೆಯದಕ್ಕೊಂದು ಅಕ್ಷರ, ಅವ್ವನ ಕಡೆಯದಕ್ಕೊಂದು ಅಕ್ಷರ ಅಂತ ನಂಬರಿನೊಳಗೆ ವಿಂಗಡಣೆ ತುರುಕಬೇಡಿ. ಒಂದೇ ವಾಟ್ಣಿ (ಆಸ್ತಿ ಪಾಲಿನ) ಪತ್ರದಲ್ಲಿ ಎರಡೂ ಕಡೆಯವರು ಬರುತ್ತಾರೆ. ಆಗ ಆ ಪತ್ರಕ್ಕೆ ಎರಡು ನಂಬರು ಬಿದ್ದು, ಒಂದು ಸಾಕ್ಷಿ ಎರಡು ಸಾಕ್ಷಿಯಂತೆ ಕಾಣತೊಡಗುತ್ತದೆ.

ಏಳನೆಯ ಕಾಲಂ, ಅಂದರೆ ಮತ್ತೆ ಹುಡುಕಲು ಬೇಕಾದ ಗುರುತು, ಎಲ್ಲಕ್ಕಿಂತ ಮುಖ್ಯ. 'ಗದಗ ರಜಿಸ್ಟರ್ ಕಚೇರಿ' ಎಂದಷ್ಟೇ ಬರೆದರೆ ಏನೂ ಬರೆದಂತಲ್ಲ. ನೋಂದಣಿಯಾದ ಖರೀದಿ ಪತ್ರಕ್ಕೆ ಉಪನೋಂದಣಿ ಕಚೇರಿಯ ಹೆಸರು, ಪುಸ್ತಕದ ನಂಬರು, ಸಂಪುಟ, ಪುಟ, ದಸ್ತಾವೇಜಿನ ನಂಬರು, ವರ್ಷ, ಈ ಆರೂ ಬೇಕು. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿಯ ಪತ್ರಗಳು 1ನೇ ಪುಸ್ತಕದಲ್ಲಿರುತ್ತವೆ. ಅದಕ್ಕೆ ಎರಡು ಸೂಚಿ: 1ನೇ ಸೂಚಿ ಜನರ ಹೆಸರಿನದು, 2ನೇ ಸೂಚಿ ಆಸ್ತಿಯದು. ಅಜ್ಜನ ಹೆಸರು ಮಾತ್ರ ಗೊತ್ತಿದ್ದರೆ ಮೊದಲನೆಯದನ್ನು ಕೇಳಬೇಕು, ಸರ್ವೆ ನಂಬರು ಮಾತ್ರ ಗೊತ್ತಿದ್ದರೆ ಎರಡನೆಯದನ್ನು. ಯಾವ ಸೂಚಿ, ಯಾವ ವರ್ಷದಿಂದ ಯಾವ ವರ್ಷದವರೆಗೆ ನೋಡಿದಿರಿ ಎಂಬುದೂ ವಹಿಗೆ ಬರಬೇಕು.

ಇಲ್ಲೇ ಎರಡನೆಯ ಪುಸ್ತಕದ ಮಾತು ಬರುತ್ತದೆ. ಹುಡುಕಿಯೂ ಸಿಗದ್ದಕ್ಕೆ ಒಂದು ತೆಳು ನೋಟ್‌ಬುಕ್ ಇಡಿ. ಎಲ್ಲಿ ಹುಡುಕಿದಿರಿ, ಯಾವ ಹೆಸರಿನಲ್ಲಿ, ಹೆಸರಿನ ಯಾವ ಯಾವ ರೂಪದಲ್ಲಿ, ಯಾವ ವರ್ಷಗಳಲ್ಲಿ, ನಡುವೆ ಯಾವ ಪುಟ ಹರಿದುಹೋಗಿತ್ತು ಎಂದು ಬರೆಯಿರಿ. ಇದನ್ನು ಇಡುವವರು ಬಹಳ ಕಡಿಮೆ. ಇಡದವರು ಒಂದೇ ರಜಿಸ್ಟರನ್ನು ಮೂರು ಸಲ ತಿರುವುತ್ತಾರೆ. ಸಿಗಲಿಲ್ಲ ಎಂಬುದೂ ಸಾಕ್ಷಿಯೇ: ಊರಿನ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಹತ್ತು ವರ್ಷದ ಪುಟಗಳು ಪೂರ್ತಿ ಇದ್ದು, ಅದರಲ್ಲಿ ಆ ಮನೆಯ ಒಂದು ಮಗುವೂ ಇಲ್ಲದಿದ್ದರೆ, ಆ ಮನೆಯವರು ಆಗ ಬೇರೆ ಊರಿನಲ್ಲಿದ್ದರೇ ಎಂದು ಕೇಳಿಕೊಳ್ಳಲು ಕಾರಣ ಸಿಕ್ಕಿತು.

ಇನ್ನು ನಮ್ಮ ಭಾಗದ ಕಾಗದಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ ಎಂಬುದು. ಇದರಲ್ಲಿ ಹೊಲದ ಕಾಗದಕ್ಕೇ ಮೊದಲ ಸ್ಥಾನ. ಮುಂಬಯಿ ಇಲಾಖೆಯ ಆಡಳಿತದಲ್ಲಿ ಬೆಳೆದ ಹಕ್ಕುದಾಖಲೆಯ ಪದ್ಧತಿ ನಮ್ಮದು. ಉತಾರ ಎಲ್ಲರಿಗೂ ಗೊತ್ತು, ಆದರೆ ಮನೆತನದ ಚರಿತ್ರೆಗೆ ಉತಾರಕ್ಕಿಂತ ಹೆಚ್ಚು ಕೊಡುವುದು ಅದರ ಹಿಂದಿರುವ ವಾರಸಾ ವರ್ದಿ, ಅಂದರೆ ವಾರಸುದಾರರ ಹೆಸರು ಏರಿಸಲು ಕೊಟ್ಟ ವರದಿ. ಉತಾರದಲ್ಲಿ ಹಕ್ಕು ಬದಲಾವಣೆಯ ನಂಬರು ಇರುತ್ತದೆ. ಆ ನಂಬರು ಹಿಡಿದು ಹಳೆಯ ನೋಂದಣಿ ಕೇಳಿದರೆ ಖಾತೆದಾರ ಮಯತನಾದದ್ದು (ತೀರಿಕೊಂಡದ್ದು), ವಾರಸುದಾರರ ಹೆಸರು, ಅವರ ಸಂಬಂಧ, ಕೆಲವೊಮ್ಮೆ ವಯಸ್ಸು ಕೂಡ ಸಿಗುತ್ತದೆ.

ಒಂದು ವರ್ದಿಯನ್ನು ಹತ್ತಿರದಿಂದ ನೋಡೋಣ. ಬಸಪ್ಪ ತಂದೆ ನಿಂಗಪ್ಪ ಎಂಬ ಖಾತೆದಾರ ಮಯತ, ವಾರಸರು ಹೆಂಡತಿ ಒಬ್ಬಳು, ಗಂಡುಮಕ್ಕಳು ಇಬ್ಬರು, ಕಿರಿಯವನ ಹೆಸರಿನ ಮುಂದೆ 'ಅ.ಪಾ.ಕ.' ಎಂದು ತಾಯಿಯ ಹೆಸರು. ಇದರಿಂದ ಏನೇನು ಬರೆದುಕೊಳ್ಳಬಹುದು? ಬಸಪ್ಪನ ತಂದೆ ನಿಂಗಪ್ಪ, ಇದು ನೇರ ಸಾಕ್ಷಿ. ಅ.ಪಾ.ಕ. ಅಂದರೆ ಅಜ್ಞಾನನ ಪಾಲನಕರ್ತೆ, ಅಂದರೆ ಕಿರಿಯ ಮಗ ಆಗ ಇನ್ನೂ ಅಪ್ರಾಪ್ತ. ಹಾಗಾಗಿ ಅವನು ಹುಟ್ಟಿದ್ದು ವರ್ದಿಗೆ ಹಿಂದಿನ ಸುಮಾರು 18 ವರ್ಷದೊಳಗೆ, ಇದು ಪರೋಕ್ಷ ಸಾಕ್ಷಿ. ಏನನ್ನು ಬರೆದುಕೊಳ್ಳಬಾರದು? ವರ್ದಿಯ ತಾರೀಖನ್ನು ಬಸಪ್ಪ ತೀರಿದ ತಾರೀಖು ಎಂದು ಬರೆಯಬಾರದು. ಅದು ವರ್ದಿ ಕೊಟ್ಟ ದಿನ. ತೀರಿ ಇಪ್ಪತ್ತು ವರ್ಷವಾದರೂ ವರ್ದಿ ಕೊಡದ ಮನೆಗಳಿವೆ. ಬಸಪ್ಪನಿಗೆ ಇಬ್ಬರೇ ಮಕ್ಕಳು ಎಂದೂ ಬರೆಯಬಾರದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಮೊದಲಿನ ವರ್ದಿಗಳಲ್ಲಿ ಗಂಡುಮಕ್ಕಳಿದ್ದ ಮನೆಯ ಹೆಣ್ಣುಮಕ್ಕಳ ಹೆಸರು ಸಾಮಾನ್ಯವಾಗಿ ಬರುವುದೇ ಇಲ್ಲ. ಆಮೇಲೂ ಎಷ್ಟೋ ಕಡೆ ಬಂದಿಲ್ಲ. ಕಾಗದದಲ್ಲಿ ಇಲ್ಲದ ಆ ಅಕ್ಕತಂಗಿಯರನ್ನು ಹುಡುಕುವುದು ನಮ್ಮ ಕೆಲಸದ ಅತಿ ಮುಖ್ಯ ಭಾಗ ಎಂದು ನಾವು ತಿಳಿದಿದ್ದೇವೆ. ಅವರು ಸಿಗುವುದು ಲಗ್ನಪತ್ರಿಕೆಗಳಲ್ಲಿ, ಮದುವೆಯ ಆಯೇರಿ (ಉಡುಗೊರೆ) ಪಟ್ಟಿಯಲ್ಲಿ, ಬೀಗರ ಊರಿನ ಶಾಲೆಯ ಪುಸ್ತಕದಲ್ಲಿ. ಆಯೇರಿ ಪಟ್ಟಿಯ ನೋಟ್‌ಬುಕ್ಕನ್ನು ರದ್ದಿಗೆ ಹಾಕುವ ಮೊದಲು ದಯವಿಟ್ಟು ಯೋಚಿಸಿ: ಯಾವ ಊರಿನ ಯಾವ ಮನೆ ಎಷ್ಟು ಹತ್ತಿರದ್ದು ಎಂದು ಒಂದೇ ದಿನದಲ್ಲಿ ಬರೆದಿಟ್ಟ ದಾಖಲೆ ಇನ್ನೊಂದಿಲ್ಲ.

ನಾಡಕಚೇರಿಯಿಂದ ಸಿಗುವ ವಂಶವೃಕ್ಷ ಪ್ರಮಾಣಪತ್ರವನ್ನು ಚರಿತ್ರೆ ಎಂದುಕೊಳ್ಳಬೇಡಿ. ಅದು ವಾರಸುದಾರಿಕೆಗಾಗಿ, ಅರ್ಜಿದಾರರ ಹೇಳಿಕೆ ಮತ್ತು ಸ್ಥಳ ವಿಚಾರಣೆಯ ಮೇಲೆ ತಯಾರಾಗುವುದು. ಮಕ್ಕಳಿಲ್ಲದೆ ತೀರಿದವರು, ಎಳವೆಯಲ್ಲೇ ಹೋದವರು ಅದರಲ್ಲಿ ಬಿಟ್ಟುಹೋಗಿರಬಹುದು. ವಹಿಯಲ್ಲಿ ಅದಕ್ಕೂ ನಂಬರು ಇರಲಿ, ಆದರೆ ಮಾಹಿತಿ ಕೊಟ್ಟವರು ಯಾರು ಎಂದು ಜೊತೆಗೆ ಬರೆಯಿರಿ.

ಶಾಲೆಯ ದಾಖಲೆಯಲ್ಲಿ ಹುಟ್ಟಿದ ತಾರೀಖು ಜೂನ್ 1 ಎಂದಿದ್ದರೆ ನಿಲ್ಲಿ. ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲದ ಮಕ್ಕಳಿಗೆ ಮಾಸ್ತರರು ಹಾಕುತ್ತಿದ್ದ ದಿನ ಅದು. ವರ್ಷವೂ ಅಂದಾಜೇ. ಜನನ ನೋಂದಣಿಯಲ್ಲಿ ಬೇರೆ ತೊಡಕಿದೆ: ಹೆಸರಿಡುವ ಮೊದಲೇ ನೋಂದಣಿ ಆಗಿರುವುದರಿಂದ 'ಗಂಡು', 'ಹೆಣ್ಣು' ಎಂದಷ್ಟೇ ಇರುತ್ತದೆ, ಹೆಸರಿನಿಂದ ಹುಡುಕಿದರೆ ಸಿಗದು. ತಂದೆಯ ಹೆಸರು ಹಿಡಿದು ಹುಡುಕಬೇಕು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವ ರೂಢಿ ನಮ್ಮದು, ಆದ್ದರಿಂದ ಹಾವೇರಿ ಕಡೆಯ ಮನೆಯ ಹಿರಿಮಗನ ಜನನ ನವಲಗುಂದದ ಕಡೆ ದಾಖಲಾಗಿರಬಹುದು. ತಾಯಿಯ ತವರೂರು ಗೊತ್ತಿಲ್ಲದೆ ಜನನ ದಾಖಲೆ ಹುಡುಕಲು ಹೊರಡುವುದು ವ್ಯರ್ಥ.

ಊರಿನ ಹೆಸರಿನ ಜೊತೆ ಆಡಳಿತವನ್ನೂ ಬರೆಯಬೇಕು, ಇವತ್ತಿನದು ಮತ್ತು ಆಗಿನದು. ಗದಗ, ಹಾವೇರಿ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಮೊದಲು ಎರಡೂ ಧಾರವಾಡ ಜಿಲ್ಲೆಯೊಳಗೆ. 1956ರ ನವೆಂಬರ್ 1ಕ್ಕೆ ಮೊದಲು ಮುಂಬಯಿ ರಾಜ್ಯ. ಇನ್ನೂ ಹಿಂದೆ ಹೋದರೆ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು, ಸವಣೂರಿಗೆ ತನ್ನದೇ ನವಾಬರಿದ್ದರು. ಈ ಸಂಸ್ಥಾನಗಳು ಮುಂಬಯಿಯಲ್ಲಿ ವಿಲೀನವಾದದ್ದು 1948ರಲ್ಲಿ. ಶಿರಹಟ್ಟಿಯ 1930ರ ಕಾಗದವನ್ನು ಧಾರವಾಡ ಕಲೆಕ್ಟರರ ದಫ್ತರದಲ್ಲಿ ಹುಡುಕಿದವರಿಗೆ ಅದು ಸಿಗದಿರುವುದಕ್ಕೆ ಕಾರಣ ಇದೇ. ಹಾಗಾಗಿ ಆ ಊರಿಗೆ ಮೂರು ಸಾಲು: ಇವತ್ತಿನ ತಾಲೂಕು-ಜಿಲ್ಲೆ, 1997ಕ್ಕೆ ಹಿಂದಿನದು, 1948ಕ್ಕೆ ಹಿಂದಿನದು.

ಹಳೆಯ ಕಾಗದ ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿಯಲ್ಲಿದ್ದರೆ ಮೂರು ಪ್ರತಿ ಬೇರೆ ಬೇರೆ ಇಡಿ: ಮೂಲದ ಚಿತ್ರ, ಲಿಪ್ಯಂತರ, ಕನ್ನಡ ಅನುವಾದ. ಮೂರಕ್ಕೂ ಒಂದೇ ಆವಕ ನಂಬರು, ಕೊನೆಗೆ ಅ, ಆ, ಇ. ಓದಿಕೊಟ್ಟವರು ಯಾರು, ಯಾವತ್ತು ಎಂದು ಬರೆಯಿರಿ. ಓದಲಾಗದ ಅಕ್ಷರವಿದ್ದಲ್ಲಿ ಪ್ರಶ್ನೆಚಿಹ್ನೆ ಹಾಕಿಸಿ, ಊಹೆಯಿಂದ ತುಂಬಿಸಬೇಡಿ. ಅನುವಾದ ಮಾತ್ರ ಉಳಿದು ಮೂಲ ಕಳೆದುಹೋದರೆ ಆ ಊಹೆಯೇ ಮನೆತನದ ಇತಿಹಾಸವಾಗಿಬಿಡುತ್ತದೆ.

ಕಾಗದಕ್ಕೆ ನಂಬರು ಹಾಕಿದಂತೆ ವ್ಯಕ್ತಿಗೂ ಬೇಕು, ಯಾಕೆಂದರೆ ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮ್ಮಲ್ಲಿ ಒಂದೇ ಮನೆಯಲ್ಲಿ ಬಸಪ್ಪ ತಂದೆ ನಿಂಗಪ್ಪ ಮೂವರು ಸಿಗುತ್ತಾರೆ. ಇಲ್ಲಿ ಪುಸ್ತಕದ ಪದ್ಧತಿಯೊಂದು ನಮಗೆ ಕೈಕೊಡುತ್ತದೆ. ಶುರುವಿನವರು 1, ತಂದೆ 2, ತಾಯಿ 3. ಯಾರದೇ ನಂಬರನ್ನು ಇಮ್ಮಡಿ ಮಾಡಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ಜಗತ್ತಿನ ಎಷ್ಟೋ ಕಡೆ ಇದೇ ರೂಢಿ, ಚೊಕ್ಕಟವೂ ಹೌದು. ಆದರೆ ಅಕ್ಕನ ಮಗಳನ್ನು ಮದುವೆಯಾದ ಮನೆಗೆ ಇದನ್ನು ಹಾಕಿ ನೋಡಿ. ತಂದೆ 2, ಅವನ ಅಪ್ಪ-ಅವ್ವ 4 ಮತ್ತು 5. ತಾಯಿ 3, ಅವಳ ತಾಯಿ 7. ಆ 7ನೆಯವಳು 2ನೆಯವನ ಅಕ್ಕ. ಹಾಗಾಗಿ ಅವಳ ಅಪ್ಪ-ಅವ್ವನಾದ 14 ಮತ್ತು 15 ಬೇರೆ ಯಾರೂ ಅಲ್ಲ, ಅದೇ 4 ಮತ್ತು 5. ಒಬ್ಬರಿಗೆ ಎರಡು ನಂಬರು ಬಿತ್ತು. ಅವರ ಮೇಲಿನವರಿಗೂ ಎರಡೆರಡು ಬೀಳುತ್ತ ಹೋಗುತ್ತವೆ. ಸೋದರಸಂಬಂಧ ಎರಡು ತಲೆಮಾರಿನಲ್ಲಿ ನಡೆದಿದ್ದರೆ ಲೆಕ್ಕ ಪೂರ್ತಿ ಕಲಸಿಹೋಗುತ್ತದೆ. ಆದ್ದರಿಂದ ವ್ಯಕ್ತಿಗೂ ಅರ್ಥವಿಲ್ಲದ ಸಾಲು ನಂಬರೇ ಲೇಸು: ವ್ಯ-001, ವ್ಯ-002. ಸಂಬಂಧವನ್ನು ನಂಬರಿನೊಳಗೆ ಹುದುಗಿಸದೆ ಬೇರೆ ಕಾಲಂನಲ್ಲಿ ಬರೆಯಿರಿ.

ದತ್ತಕ ಹೋದವರಿಗೆ ಎರಡು ಜೋಡಿ ತಂದೆತಾಯಿ, ಎರಡನ್ನೂ ಬರೆದು ಯಾವುದು ಹೆತ್ತವರದು, ಯಾವುದು ದತ್ತಕದ್ದು ಎಂದು ಗುರುತು ಹಾಕಿ. ಇಬ್ಬರು ಹೆಂಡಿರಿದ್ದ ಮನೆಯಲ್ಲಿ ಪ್ರತಿ ಮಗುವಿಗೂ ತಾಯಿ ಯಾರು ಎಂದು ಬರೆಯದಿದ್ದರೆ ಮುಂದೆ ಬಿಡಿಸಲು ಬಾರದ ಗಂಟು ಬೀಳುತ್ತದೆ. ಮದುವೆಯಲ್ಲಿ ಹೆಸರು ಬದಲಾದ ಹೆಣ್ಣುಮಕ್ಕಳಿಗೆ ತವರಿನ ಹೆಸರೂ ಬೇಕು. ಅಡ್ಡಹೆಸರಂತೂ ಊರಿಂದ ಊರಿಗೆ ಬದಲಾಗುತ್ತದೆ: ಊರು ಬಿಟ್ಟು ಬಂದವರಿಗೆ ಬಿಟ್ಟ ಊರಿನ ಹೆಸರೇ ಅಡ್ಡಹೆಸರಾಗಿ ಅಂಟುತ್ತದೆ, ಉಳಿದ ಅಣ್ಣತಮ್ಮಂದಿರು ಮೊದಲಿನ ಗೌಡ, ಬಡಿಗೇರ, ಅಂಗಡಿ ಎಂಬ ಹೆಸರಿನಲ್ಲೇ ಇರುತ್ತಾರೆ. ಕಾಗದದಲ್ಲಿ ಇದ್ದಂತೆ ಒಂದು ಕಾಲಂ, ನೀವು ಒಪ್ಪಿಕೊಂಡ ರೂಪಕ್ಕೆ ಇನ್ನೊಂದು ಕಾಲಂ.

ತಾರೀಖಿಗೂ ಇದೇ ನಿಯಮ. ಮೂಲದಲ್ಲಿ ಇದ್ದದ್ದನ್ನು ಇದ್ದಂತೆ ಬರೆದು, ಪಕ್ಕದಲ್ಲಿ ಪರಿವರ್ತನೆ. ಶಕ ವರ್ಷಕ್ಕೆ ಯುಗಾದಿಯಿಂದ ಡಿಸೆಂಬರ್‌ವರೆಗೆ 78, ಜನವರಿಯಿಂದ ಯುಗಾದಿಯವರೆಗೆ 79 ಕೂಡಿಸಬೇಕು. ಸಂವತ್ಸರದ ಹೆಸರೊಂದೇ ಇದ್ದರೆ 60 ವರ್ಷಕ್ಕೊಮ್ಮೆ ಅದು ಮರಳುತ್ತದೆ. ಕ್ರೋಧಿ 1904ರಲ್ಲೂ ಬಂತು, 1964ರಲ್ಲೂ ಬಂತು. ಹಿರಿಯರು 'ಪ್ಲೇಗಿನ್ಯಾಗ ಹೋದ್ರು' ಎಂದರೆ ಅದನ್ನು ಒಂದು ವರ್ಷಕ್ಕೆ ಕಟ್ಟಬೇಡಿ. 1896ರಲ್ಲಿ ಮುಂಬಯಿಗೆ ಕಾಲಿಟ್ಟ ಪ್ಲೇಗು ಮುಂದೆ ಎಷ್ಟೋ ವರ್ಷ ಮರಳಿ ಮರಳಿ ಬಂತು. 'ಪ್ಲೇಗಿನ ಕಾಲ' ಎಂದೇ ಇರಲಿ.

ಬಾಯಿಮಾತಿನ ಸಾಕ್ಷಿಗೂ ಆವಕ ನಂಬರು ಬೀಳಬೇಕು. ಯಾರು ಹೇಳಿದರು, ಅವರಿಗೆ ಅದು ಹೇಗೆ ಗೊತ್ತು: ಕಂಡದ್ದೋ, ಕೇಳಿದ್ದೋ? 'ಕಾಕಾ' ಎಂದರೆ ಯಾರ ಕಾಕಾ ಎಂದು ಅಲ್ಲೇ ಕೇಳಿ ಬರೆದುಕೊಳ್ಳಿ. ಮನೆಗೆ ಬಂದ ಮೇಲೆ ತಿಳಿಯುವುದಿಲ್ಲ. ಧ್ವನಿಮುದ್ರಣವಿದ್ದರೆ ಎಷ್ಟನೇ ನಿಮಿಷಕ್ಕೆ ಯಾವ ಮಾತು ಎಂಬ ಚೀಟಿ ಮಾಡಿ. ಒಂದೂವರೆ ತಾಸಿನ ಮುದ್ರಣವನ್ನು ಚೀಟಿಯಿಲ್ಲದೆ ಎರಡನೇ ಸಲ ಯಾರೂ ಕೇಳುವುದಿಲ್ಲ.

ಹೆಳವರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಮನೆಮನೆಗೆ ಬಂದು ಮೂಲ ಊರಿನಿಂದ ಹಿಡಿದು ವಂಶಾವಳಿ ಓದುವ ಅವರ ಪುಸ್ತಕಗಳು ನಮ್ಮ ಭಾಗದ ದೊಡ್ಡ ಸಂಪತ್ತು. ಊರು ಬಿಟ್ಟು ಬಂದ ಕಥೆ, ಬೆಡಗು (ಕುಲದ ಒಳಪಂಗಡ), ಕವಲೊಡೆದ ಮನೆಗಳು, ಯಾವ ಸರಕಾರಿ ಕಾಗದದಲ್ಲೂ ಇಲ್ಲದ್ದು ಅಲ್ಲಿ ಸಿಗುತ್ತದೆ. ಆದರೆ ಅದು ಮುಖ್ಯವಾಗಿ ಗಂಡಿನ ಸಾಲು ಹಿಡಿದು ಹೋಗುತ್ತದೆ, ಮೇಲಿನ ತಲೆಮಾರುಗಳಿಗೆ ವರ್ಷವಿರುವುದಿಲ್ಲ. ಓದಿದ ಹೆಳವರ ಹೆಸರು, ಊರು, ಓದಿದ ದಿನ ಬರೆದುಕೊಳ್ಳಿ. ಪುಸ್ತಕದ ಫೋಟೋ ತೆಗೆಯುವುದಾದರೆ ಅವರನ್ನು ಕೇಳಿ, ಒಪ್ಪಿದರೆ ಮಾತ್ರ. ಅದು ಅವರ ಜೀವನೋಪಾಯ. ಅವರಿಗೆ ಸಲ್ಲಬೇಕಾದ ಕಾಳು, ಬಟ್ಟೆ, ಕಾಣಿಕೆ ಸಲ್ಲಲೇಬೇಕು.

ಎರಡು ಸಾಕ್ಷಿ ಒಂದಕ್ಕೊಂದು ಕೂಡದಿದ್ದಾಗ ಎರಡನ್ನೂ ಉಳಿಸಿ. ಶಾಲೆ 1922 ಎನ್ನುತ್ತದೆ, ಪಿಂಚಣಿ ಕಾಗದ 1919 ಎನ್ನುತ್ತದೆ. ಒಂದನ್ನು ಒಪ್ಪಿ ಇನ್ನೊಂದನ್ನು ಹೊಡೆದುಹಾಕುವುದು ಸುಲಭ, ಆದರೆ ಮುಂದೆ ಮೂರನೆಯ ಕಾಗದ ಸಿಕ್ಕಾಗ ಹೊಡೆದುಹಾಕಿದ್ದೇ ನಿಜವಾಗಿರಬಹುದು. ವ್ಯಕ್ತಿಯ ಹಾಳೆಯಲ್ಲಿ ಎರಡೂ ವರ್ಷ, ಎರಡಕ್ಕೂ ಆವಕ ನಂಬರು, ಕೆಳಗೆ 'ಇಂಥದ್ದನ್ನು ಒಪ್ಪಿದ್ದು ಇಂಥ ಕಾರಣಕ್ಕೆ' ಎಂದು ಒಂದು ಸಾಲು, ತಾರೀಖು ಸಮೇತ.

ಕಾಗದ ಕಾಪಾಡುವುದರಲ್ಲಿ ಮಾಡಬಾರದ್ದೇ ಹೆಚ್ಚು. ಲ್ಯಾಮಿನೇಶನ್ ಬೇಡ, ಶಾಖ ಮತ್ತು ಅಂಟಿನಿಂದ ಕೂತದ್ದನ್ನು ಬಿಡಿಸಲು ಬರುವುದಿಲ್ಲ. ಸೆಲ್ಲೋ ಟೇಪು ಹಳದಿಗಟ್ಟಿ ಕಲೆ ಬಿಡುತ್ತದೆ. ಟಾಚಣಿ, ಸ್ಟೇಪಲ್ ಪಿನ್ನು ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದವನ್ನೇ ತಿನ್ನುತ್ತದೆ. ಅಂಟು ಹಾಳೆಯ ಆಲ್ಬಮ್ಮಿನಿಂದ ಹಳೆಯ ಫೋಟೋ ಕಿತ್ತರೆ ಚಿತ್ರದ ಪದರ ಹಿಂದೆ ಉಳಿಯುತ್ತದೆ. ಛಾಪಾ ಕಾಗದ ಹರಿಯುವುದು ಮಡಿಕೆಯಲ್ಲಿ, ಆದ್ದರಿಂದ ಬಿಡಿಸಿ ಚಪ್ಪಟೆಯಾಗಿಡಿ. ಫೋಟೋದ ಹಿಂದೆ 2ಬಿ ಪೆನ್ಸಿಲಿನಿಂದ, ಅಂಚಿನಲ್ಲಿ, ಹಗುರವಾಗಿ ನಂಬರು ಮಾತ್ರ. ಬಾಲ್‌ಪೆನ್ನಿನ ಒತ್ತು ಮುಂದಿನ ಮುಖಕ್ಕೆ ಮೂಡುತ್ತದೆ. ಟ್ರಂಕನ್ನು ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ಗೋಡೆಗೆ ತಾಗದಂತೆ ಇಡಿ, ಗೆದ್ದಲು ಬರುವುದು ಆ ಎರಡು ದಾರಿಯಿಂದಲೇ. ಮಳೆಗಾಲ ಮುಗಿದ ಮೇಲೆ ಒಮ್ಮೆ ತೆರೆದು ನೆರಳಿನಲ್ಲಿ ಗಾಳಿಯಾಡಿಸಿ, ಬಿಸಿಲಿಗೆ ಹಾಕಬೇಡಿ.

ಸ್ಕ್ಯಾನ್: ಕಾಗದಕ್ಕೆ 300 ಡಿಪಿಐ, ಸಣ್ಣ ಫೋಟೋಗೆ 600. ಎ4 ಹಾಳೆಯ ಬಣ್ಣದ ಟಿಫ್ ಫೈಲು 300ರಲ್ಲಿ ಸುಮಾರು 26 ಎಂಬಿ ಆಗುತ್ತದೆ, ನೂರು ಹಾಳೆಗೆ ಎರಡೂವರೆ ಜಿಬಿಗೂ ಹೆಚ್ಚು. ಮೊದಲೇ ಜಾಗ ನೋಡಿಕೊಳ್ಳಿ. ಟಿಫ್ ಮೂಲವಾಗಿ ಉಳಿಯಲಿ, ಹಂಚಲು ಜೆಪೆಗ್. ವಾಟ್ಸ್ಆ್ಯಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿ, ಸಣ್ಣ ಅಕ್ಷರ ಓದಲು ಬಾರದಂತಾಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ. ಕಚೇರಿಯಲ್ಲಿ ಮೊಬೈಲಿನಿಂದ ತೆಗೆಯುವಾಗ ಮೊದಲ ಚಿತ್ರ ಆವಕ ನಂಬರು ಬರೆದ ಚೀಟಿಯದು, ಎರಡನೆಯದು ಪುಸ್ತಕದ ರಟ್ಟಿನದು, ಆಮೇಲೆ ಪುಟಗಳು, ನಾಲ್ಕೂ ಅಂಚು ಕಾಣುವಂತೆ.

ಫೈಲಿನ ಹೆಸರು ಹೀಗಿರಲಿ: 0047_1934-07-12_ವರ್ದಿ_01. ಆವಕ ನಂಬರು, ವರ್ಷ-ತಿಂಗಳು-ದಿನ, ಏನು, ಎಷ್ಟನೇ ಪುಟ. ತಾರೀಖಿನ ಪ್ರಕಾರ ಜೋಡಿಸುವಾಗ ದಿನ ಮೊದಲಿದ್ದರೆ ಎಲ್ಲ ವರ್ಷದ 12ನೇ ತಾರೀಖುಗಳು ಒಂದೆಡೆ ಗುಂಪಾಗುತ್ತವೆ. ಎಕ್ಸೆಲ್ಲಿನಲ್ಲಿ ಎರಡು ಎಚ್ಚರ: 0047 ಎಂದು ಹೊಡೆದರೆ ಅದು 47 ಆಗುತ್ತದೆ, ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿ, 1900ಕ್ಕೆ ಹಿಂದಿನ ತಾರೀಖನ್ನು ಅದು ತಾರೀಖೆಂದು ಗುರುತಿಸುವುದೇ ಇಲ್ಲ, ವರ್ಷ, ತಿಂಗಳು, ದಿನಕ್ಕೆ ಮೂರು ಬೇರೆ ಕಾಲಂ ಮಾಡಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪು ಮಾಡಿದ್ದಿದ್ದರೆ ಯೂನಿಕೋಡಿಗೆ ಬದಲಿಸಿ, ಅರ್ಕಾವತ್ತು ಒತ್ತಕ್ಷರಗಳನ್ನು ಕಣ್ಣಿನಿಂದ ನೋಡಿ ಸರಿಪಡಿಸಿ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಹುಡುಕಿದರೆ ಒಂದು ಹೆಸರೂ ಸಿಗದು. ವಂಶವೃಕ್ಷದ ತಂತ್ರಾಂಶದಿಂದ ಬೇರೆ ತಂತ್ರಾಂಶಕ್ಕೆ ಮಾಹಿತಿ ಒಯ್ಯುವ ಜೆಡ್‌ಕಾಮ್ ಫೈಲು ತೆಗೆಯುವಾಗ ಯುಟಿಎಫ್-8 ಆರಿಸಿ, ಇಲ್ಲದಿದ್ದರೆ ಕನ್ನಡ ಹೆಸರುಗಳು ಪ್ರಶ್ನೆಚಿಹ್ನೆಗಳಾಗುತ್ತವೆ. ಹೆಚ್ಚಾಗಿ ಬಳಕೆಯಲ್ಲಿರುವ ಹಳೆಯ ಆವೃತ್ತಿಯ ಫೈಲಿನೊಳಗೆ ಚಿತ್ರಗಳು ಬರುವುದಿಲ್ಲ, ಅವನ್ನು ಬೇರೆ ಕಳಿಸಬೇಕು.

ಪ್ರತಿಗಳು ಮೂರು: ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಊರಿನಲ್ಲಿ. ಹುಬ್ಬಳ್ಳಿಯ ಮನೆಯಲ್ಲಿ ಲ್ಯಾಪ್‌ಟಾಪು, ಅದೇ ಕಪಾಟಿನಲ್ಲಿ ಹಾರ್ಡ್‌ಡಿಸ್ಕು ಇದ್ದರೆ ನೀರು ನುಗ್ಗಿದಾಗ ಎರಡೂ ಒಟ್ಟಿಗೇ ಹೋಗುತ್ತವೆ.

ಬದುಕಿರುವವರ ಜನ್ಮತಾರೀಖು, ಆಧಾರ್ ಪ್ರತಿ, ವಾಟ್ಣಿಯ ಕಾಗದ ಹಂಚುವ ಕಡತದಲ್ಲಿ ಇರಬಾರದು. ವಂಶಾವಳಿ ಕೇಳಿದಾಗ ಹಳ್ಳಿಯಲ್ಲಿ ಮೊದಲು ಬರುವ ಸಂಶಯ ಹೊಲದ ಪಾಲಿನದು. ನೀವು ಹಂಚಿದ ಒಂದು ಕಾಗದ ಕೋರ್ಟಿಗೆ ಹೋದರೆ ಆ ಮನೆಯ ಬಾಗಿಲು ಆಮೇಲೆ ಯಾರಿಗೂ ತೆರೆಯುವುದಿಲ್ಲ.

ಕೊನೆಯದಾಗಿ, ಮುಂದೆ ಇದು ಯಾರ ಕೈಗೆ? ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಹಾಳೆ ಇಡಿ: ಆವಕ ನಂಬರು ಎಷ್ಟರವರೆಗೆ ಇದೆ, ಪ್ರತಿಗಳು ಎಲ್ಲೆಲ್ಲಿವೆ, ಮೂಲ ಕಾಗದ ಯಾರಿಂದ ಎರವು ತಂದದ್ದು, ಮುಂದಿನ ಜವಾಬ್ದಾರಿ ಯಾರದು. ಪಾಸ್‌ವರ್ಡನ್ನು ಆ ಹಾಳೆಯಲ್ಲಿ ಬರೆಯದೆ ಮುಚ್ಚಿದ ಲಕೋಟೆಯಲ್ಲಿ ಅವರಿಗೇ ಕೊಡಿ. ವಹಿಸಿಕೊಳ್ಳುವವರು ವಹಿಯಿಂದ ಮನಬಂದ ಹತ್ತು ನಂಬರು ಆರಿಸಿ, ಆ ಹತ್ತು ಕಾಗದ ಮತ್ತು ಅವುಗಳ ಫೈಲು ಎರಡೂ ಸಿಗುತ್ತವೆಯೇ ಎಂದು ಕೂತು ನೋಡಬೇಕು. ಸಿಗದಿದ್ದದ್ದನ್ನು ವಹಿಯಲ್ಲೇ ಬರೆದು, ಕೊಟ್ಟವರು-ತಗೊಂಡವರು ಇಬ್ಬರೂ ತಾರೀಖು ಹಾಕಿ ಸಹಿ ಮಾಡಬೇಕು. ಮುಂದಿನ ಆವಕ ನಂಬರು ಆ ಸಹಿಯ ಕೆಳಗಿನ ಸಾಲಿನಿಂದ ಶುರುವಾಗಲಿ.